ಒಂದು, ಮೂರು, ನಾಲ್ಕು, ಎರಡು

ಕಾರ್ಬುರೇಟರಿನ ಬಾಯಿಂದ ಮತ್ತೊಮ್ಮೆ ಢಂ ಎಂದು ಹೊಡೆದಾಗ ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಸುಧಾಕರ್ ಕಾರಿನಿಂದಿಳಿದು ಎರಡೂ ಕೈ ಬನಿಯನ್ನಿಗೆ ಒರೆಸಿಕೊಂಡ. ಬೆಳಗ್ಗೆಯಿಂದ ಇದು ಹತ್ತನೆಯದೋ ಹನ್ನೆರಡನೆಯದೋ ಸಲ.

"ಇನ್ನಾಗಲ್ಲ ಸಾರ್. ಇಂಜಿನ್ ಓಯ್ತು. ಬಂಗಾರಪೇಟೆಗೆ ಎತ್ತಾಕ್ಕೊಂಡೋಗಿ ಡೀಸೆಲ್ ಇಂಜಿನ್ ಇಕ್ಕಿ ಕೊಡ್ತೀನಿ," ಎಂದ.

ಕಾರಿನ ಒಡೆಯ ವೇಣುಗೋಪಾಲ್ ಬಾನೆಟ್ಟಿನಡಿ ಬಗ್ಗಿ ನೋಡಿದರು. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಅವರಿಗಿದ್ದ ಒಂದೇ ಹುಚ್ಚೆಂದರೆ ಈ ಅರವತ್ತನಾಲ್ಕರ ಅಂಬಾಸಿಡರ್. ನಾಲ್ಕು ಸಿಲಿಂಡರಿಗೂ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸವೆದಿದೆಯೆಂದು ಹೊಸದೊಂದನ್ನು ಬೆಂಗಳೂರಿನಿಂದ ತರಿಸಿದ್ದೂ ಅವರೇ. ಅದು ಕಾರಿನ ಕಂಪನಿಯದಲ್ಲ, ಹಳೆಯದರಂತೆಯೇ ಬೇರೆ ಯಾರೋ ಮಾಡಿ ಮಾರಿದ ನಕಲು. ಅದರ ಮುಚ್ಚಳದ ಮೇಲೆ, ಹಳೆಯದರಲ್ಲಿಲ್ಲದಂತೆ, ಯಾವ ತೂತಿಗೆ ಯಾವ ಸಿಲಿಂಡರಿನ ವೈರು ಎಂದು ಅಂಕಿ ಅಚ್ಚಾಗಿತ್ತು. ಸುಧಾಕರ್ ಅಂಕಿ ನೋಡಿಯೇ ವೈರು ಚುಚ್ಚಿದ. ಆಗದಿದ್ದಾಗ ಎದುರುಬದುರು ಮಾಡಿಯೂ ನೋಡಿದ. ಇಂಜಿನ್ ಉಗುಳಿತೇ ಹೊರತು ಹತ್ತಲಿಲ್ಲ.

ಅಂಜನಮ್ಮ ಶೆಡ್ಡಿನ ಬಾಗಿಲಲ್ಲಿ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಗಂಡ ಶ್ರೀನಿವಾಸಪ್ಪ ತೀರಿಕೊಂಡು ಎರಡು ವರ್ಷ. ಚಿನ್ನದ ಗಣಿಯ ಊರು ಕೋರಮಂಡಲ್‌ನ ಆ ಶೆಡ್ಡಿಗೆ ಈಗ ಬರುತ್ತಿದ್ದುದು ಇದೊಂದೇ ಕಾರು. ಗಂಡನ ಶಿಷ್ಯ ಸುಧಾಕರ್ ಬಂಗಾರಪೇಟೆಯಿಂದ ಬಂದು ನೋಡಿಹೋಗುತ್ತಿದ್ದ. ಕಾರೇ ಹೋದ ಮೇಲೆ ಶೆಡ್ಡೇಕೆ, ಸಾಮಾನಿನ ಪೆಟ್ಟಿಗೆಯೂ ಕಾರನ್ನು ಎತ್ತಿಕೊಂಡು ಹೋಗುವ ಗಾಡಿಯಲ್ಲೇ ಹೋಗಲಿ ಎಂದು ಅವನೇ ತೀರ್ಮಾನಿಸಿ, ಗೋಡೆಯ ಸ್ಪ್ಯಾನರುಗಳನ್ನೆಲ್ಲ ಇಳಿಸಿ ತುಂಬಿದ್ದ. ಮೂವತ್ತು ವರ್ಷ ಅವು ತೂಗಿದ ಜಾಗದಲ್ಲಿ, ಸುಣ್ಣದ ಮೇಲೆ, ಒಂದೊಂದರ ಎಣ್ಣೆಯ ನೆರಳು ಮಾತ್ರ ಉಳಿದಿತ್ತು. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಅವಳು ಅಜ್ಜಿಯ ತೊಡೆಯ ಮೇಲೆ ಕೂತು ತತ್ವಪದ ಕೇಳಿ ಬೆಳೆದವಳು. ಹೇಳುವವರಿಗೆ ಪದವೇ ಮರೆತಿದೆಯೋ, ಸಾಲು ಮಾತ್ರ ಹಿಂದುಮುಂದಾಗಿದೆಯೋ ಎಂಬುದು ಕಿವಿಗೇ ತಿಳಿಯುತ್ತಿತ್ತು. ಈ ಇಂಜಿನ್ ಪದ ಮರೆತಿರಲಿಲ್ಲ.

ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಗಾಡಿ ಎಷ್ಟೊತ್ತಿಗೆ ಬತ್ತದೆ?"

"ಮೂರಕ್ಕೆ ಅಂದವ್ನೆ."

"ಅಲ್ಲೀಗಂಟ ನಂಕ ಬುಡು."

ಸುಧಾಕರ್ ನಕ್ಕ. "ಕೀ ತಿರುಗ್ಸೋ ಕೆಲ್ಸ ಅಲ್ಲಮ್ಮ ಇದು. ಗುರುಗಳೇ ಎದ್ದು ಬಂದ್ರೂ ಆಗಾಕಿಲ್ಲ."

ಅವನ ತಪ್ಪಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಗಂಡ ಹೇಳಿದಾಗ ಕೀ ತಿರುಗಿಸುವವಳಾಗಿಯೇ ಊರು ಅವಳನ್ನು ನೋಡಿತ್ತು. ಬಾನೆಟ್ಟಿನಡಿ ಶ್ರೀನಿವಾಸಪ್ಪ ಡಿಸ್ಟ್ರಿಬ್ಯೂಟರ್ ಹೊರಳಿಸುತ್ತಿದ್ದಾಗ, "ಸಾಕು, ಅಲ್ಲೇ ನಿಲ್ಸು" ಎಂದು ಒಳಗಿನಿಂದ ಹೇಳುತ್ತಿದ್ದುದು ಯಾರೆಂದು ಊರಿಗೆ ಗೊತ್ತಿರಲಿಲ್ಲ.

"ಅವರು ಬರಾಕಿಲ್ಲ. ನಾನಿದ್ದೀನಿ. ಪಕ್ಕಕ್ಕೆ ಬಾ," ಎಂದಳು ಅಂಜನಮ್ಮ.

ಅವಳು ಮೊದಲನೆಯ ಪ್ಲಗ್ಗನ್ನು ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಲು ಸುಧಾಕರನಿಗೆ ಹೇಳಿದಳು. ಅವನು ಇಷ್ಟವಿಲ್ಲದೆಯೇ ತಿರುಗಿಸಿದ. ಒಂದು ಸುತ್ತು ಬೆರಳಿಗೆ ಏನೂ ತಿಳಿಯಲಿಲ್ಲ. ಎರಡನೆಯ ಸುತ್ತಿಗೆ ಒಳಗಿನ ಗಾಳಿ ಬೆರಳನ್ನು ಒತ್ತಿ ತಳ್ಳಿತು. ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತ ಇಂಜಿನ್ನಿನ ಮುಂದಿನ ಪುಲ್ಲಿ ಚಕ್ರದ ಗೆರೆಯನ್ನು ಪಕ್ಕದ ಮುಳ್ಳಿಗೆ ಕೂಡಿಸಿ ನಿಲ್ಲಿಸಿದಳು. ಮೊದಲನೆಯ ಸಿಲಿಂಡರು ಕಿಡಿಗೆ ಕಾಯುವ ಜಾಗ ಅದು. ಮುಚ್ಚಳ ತೆಗೆದು ನೋಡಿದರೆ, ಕಿಡಿ ಹಂಚುವ ರೋಟರಿನ ಕೈ ತೋರುತ್ತಿದ್ದುದು ಒಂದು ಎಂದು ಬರೆದ ತೂತನ್ನಲ್ಲ, ಎರಡು ಎಂದು ಬರೆದದ್ದನ್ನು.

ಅವಳಿಗೆ ಅಚ್ಚರಿಯಾಗಲಿಲ್ಲ. ಅವಳು ಹುಡುಕಿದ್ದೇ ಅದನ್ನು.

ಅದು ಗಣಿ ಮುಚ್ಚಿದ ವರ್ಷದ ಮಾತು. ತಮ್ಮನ ಕೆಲಸ ಹೋಯಿತೆಂದು ಶ್ರೀನಿವಾಸಪ್ಪ ಊಟ ನಿದ್ದೆ ಬಿಟ್ಟು ಗಣಿಯ ಗೇಟಿನ ಮುಂದೆ ಕೂತಿದ್ದಾಗ, ಬಿಚ್ಚಿ ಹರಡಿದ್ದ ಇದೇ ಇಂಜಿನ್ನನ್ನು ನಾಲ್ಕು ದಿನದಲ್ಲಿ ಅಂಜನಮ್ಮ ಒಬ್ಬಳೇ ಜೋಡಿಸಿದ್ದಳು. ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಗೇರನ್ನು ಮಾತ್ರ ಕಾಲು ಸುತ್ತು ಆಚೆ ಇಟ್ಟಿದ್ದಳು. ಗಂಡ ಬಂದು ನೋಡಿ, ಆ ಎಲ್ಲ ಸಂಕಟದ ನಡುವೆಯೂ, ನೆಲಕ್ಕೆ ಕೂತು ನಕ್ಕಿದ್ದ. ಗೇರಿಗೆ ಕೈ ಹಚ್ಚದೆ ನಾಲ್ಕೂ ವೈರುಗಳನ್ನು ಒಂದೊಂದು ಮನೆ ಸರಿಸಿದ್ದ. ಇಂಜಿನ್ನಿಗೇನು ಓದೋಕೆ ಬರುತ್ತದೆಯೇ ಎಂದಿದ್ದ. ಆಮೇಲೆ ನಗು ಬಿಟ್ಟು, ಯಾರಿಗೂ ಹೇಳಬೇಡ, ಹೆಂಗಸು ಕಟ್ಟಿದ್ದೆಂದು ತಿಳಿದರೆ ಇಲ್ಲಿಗೆ ಗಾಡಿಯೇ ಬರುವುದಿಲ್ಲ ಎಂದಿದ್ದ. ಅವಳು ಹೇಳಿರಲಿಲ್ಲ. ಅವಳ ಕೆಲಸ ಅವನ ಹೆಸರಿಗೆ ಹೋಯಿತು. ತಪ್ಪು ಯಾರ ಹೆಸರಿಗೂ ಹೋಗದೆ ಇಂಜಿನ್ನಿನ ಹೊಟ್ಟೆಯಲ್ಲೇ ಉಳಿಯಿತು.

ಅವಳು ಪ್ಲಗ್ಗನ್ನೂ ಮುಚ್ಚಳವನ್ನೂ ಮತ್ತೆ ಕೂಡಿಸಿ, ವೈರುಗಳನ್ನೆಲ್ಲ ಕಿತ್ತಳು. ಎರಡು ಎಂದು ಬರೆದಲ್ಲಿಗೆ ಮೊದಲನೆಯದನ್ನು ಚುಚ್ಚಿ, ಅಲ್ಲಿಂದ ರೋಟರ್ ತಿರುಗುವ ದಿಕ್ಕಿನಲ್ಲಿ ಒಂದೊಂದೇ ಚುಚ್ಚುತ್ತ ಹೋದಳು. ಒಂದು, ಮೂರು, ನಾಲ್ಕು, ಎರಡು. ತುಟಿಯಲ್ಲಿ ಅದು ಅಜ್ಜಿಯ ತತ್ವಪದದಂತೆಯೇ ಹೊರಳುತ್ತಿತ್ತು.

ಡಿಸ್ಟ್ರಿಬ್ಯೂಟರಿನ ಕುತ್ತಿಗೆಯನ್ನು ಹಿಡಿಯುವ ಪಟ್ಟಿಯ ಬೋಲ್ಟು ಕೊನೆ ಮುಟ್ಟಿದ್ದರೂ ಕುತ್ತಿಗೆ ಕೈಗೆ ಸಡಿಲಾಗಿಯೇ ಸಿಕ್ಕಿತು. ಹೊಸದು ಹಳೆಯದಕ್ಕಿಂತ ಕೂದಲೆಳೆಯಷ್ಟು ಸಣ್ಣ. ಸುಧಾಕರ್ ಇನ್ನೂ ಬಿಗಿದಿದ್ದರೆ ಪಟ್ಟಿ ಸೀಳುತ್ತಿತ್ತು. ಅಂಜನಮ್ಮ ಒಳಗಿನಿಂದ ಹಾಲಿನ ಪುಡಿಯ ಡಬ್ಬ ತಂದು, ಬೆರಳಗಲದ ತಗಡು ಕತ್ತರಿಸಿ, ಅಂಚು ಉಜ್ಜಿ, ಕುತ್ತಿಗೆಗೆ ಸುತ್ತಿ ಕೂಡಿಸಿದಳು. ಪಟ್ಟಿ ಹಿಡಿಯಬೇಕು, ಆದರೆ ಕುತ್ತಿಗೆ ಹೊರಳಲು ಬಿಡಬೇಕು, ಬೋಲ್ಟನ್ನು ಅಷ್ಟಕ್ಕೇ ಬಿಗಿದು ನಿಲ್ಲಿಸಿದಳು.

"ಓಗು, ಕೀ ತಿರುಗ್ಸು," ಎಂದಳು.

ಸುಧಾಕರ್ ಅವಳ ಮುಖ ನೋಡಿದ. ಹೋಗಿ ಅವಳು ಕೂರುತ್ತಿದ್ದ ಸೀಟಿನಲ್ಲಿ ಕೂತ.

ಇಂಜಿನ್ ಕೆಮ್ಮಿತು, ನಡುಗಿತು, ಹತ್ತಿತು. ಏನೋ ಹೇಳಹೊರಟ ವೇಣುಗೋಪಾಲರನ್ನು ಅವಳು ಎಡಗೈ ಎತ್ತಿ ಸುಮ್ಮನಾಗಿಸಿದಳು. ಬಲಗೈಯಲ್ಲಿ ಡಿಸ್ಟ್ರಿಬ್ಯೂಟರನ್ನು ಎಳ್ಳುಕಾಳಿನಷ್ಟು ಹೊರಳಿಸಿ, ಕಣ್ಣು ಮುಚ್ಚಿ ಕೇಳಿದಳು. ಇಂಜಿನ್ನಿನ ಅವಸರ ಹೆಚ್ಚಾಯಿತು. ಅರ್ಧ ಎಳ್ಳು ಹಿಂದಕ್ಕೆ. ನಾಲ್ಕು ಉಸಿರು ಒಂದರ ಬೆನ್ನಿಗೊಂದು ಸಮನಾಗಿ ಕೂತವು. ಇಷ್ಟು ವರ್ಷ ಹೇಳುತ್ತಿದ್ದ "ಸಾಕು" ಎಂಬ ಮಾತನ್ನು ಈಗ ಯಾರಿಗೂ ಹೇಳಬೇಕಾಗಿರಲಿಲ್ಲ. ತಾನೇ ನಿಲ್ಲಿಸಿ ಬೋಲ್ಟು ಬಿಗಿದಳು.

ಎತ್ತಿಕೊಂಡು ಹೋಗುವ ಗಾಡಿ ಬಂದು ನಿಂತದ್ದನ್ನು ಆ ಸದ್ದಿನಲ್ಲಿ ಯಾರೂ ಕೇಳಲಿಲ್ಲ. ಡ್ರೈವರ್ ಇಳಿದು ಬಂದು ಯಾವ ಕಾರು ಎತ್ತಬೇಕೆಂದು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಕೇಳಿದಾಗ, ವೇಣುಗೋಪಾಲ್ ಯಾವುದೂ ಇಲ್ಲವೆಂದು ತಲೆಯಾಡಿಸಿದರು.

ಸುಧಾಕರ್ ಮಾತ್ರ ಮುಚ್ಚಳದ ಅಂಕಿಗಳನ್ನೇ ನೋಡುತ್ತಿದ್ದ. ಗೇರ್ ಕಾಲು ಸುತ್ತು ತಪ್ಪಿದೆಯೆಂದು ಅವನಿಗೆ ಹೊಳೆದಿತ್ತು.

"ಗುರುಗಳು ಇಂಗೆ ತಪ್ಪಿಕ್ಕೋರಲ್ಲ," ಎಂದ ಮೆಲ್ಲಗೆ.

ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಂಜನಮ್ಮ ಕೈ ಒರೆಸಿಕೊಂಡಳು.

"ಅವರ ಕೈಯಲ್ಲ ಅದು. ಈ ಇಂಜಿನ್ ಕಟ್ಟಿದ್ದು ನಾನು. ತಪ್ಪಿಕ್ಕಿದ್ದೂ ನಾನೇ. ಇಪ್ಪತ್ತೈದು ವರ್ಷದಿಂದ ಓಡ್ತಾ ಅದೆ."

ವೇಣುಗೋಪಾಲ್ ಅವಳತ್ತ ತಿರುಗಿದರು. ಎಷ್ಟು ಸಲ ಅವರು ಇದೇ ಶೆಡ್ಡಿನಲ್ಲಿ ಕೂತು ಅವಳು ಕೊಟ್ಟ ಟೀ ಕುಡಿದಿದ್ದರು!

"ಗೇರ್ ತೆಗ್ದು ಸರಿಯಾಗಿ ಇಕ್ಕಿಬುಡ್ಲಾ ಅಮ್ಮ?" ಎಂದು ಕೇಳಿದ ಸುಧಾಕರ್.

"ಯಾಕ? ಅಂಗೇ ಇರ್ಲಿ. ಪೆಟ್ಟಿಗೆ ಒಳಗಿಡು."

ಅವನು ಪೆಟ್ಟಿಗೆ ಹೊತ್ತು ತಂದಿಟ್ಟ. ಅಂಜನಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಹಿಡಿದು, ಅದರ ನೆರಳು ಯಾವುದೆಂದು ಹುಡುಕಿ, ಮೊಳೆಗೆ ತೂಗುಹಾಕಿದಳು. ಹೊರಗೆ ಇಂಜಿನ್ ಓಡುತ್ತಲೇ ಇತ್ತು. ಸ್ಪ್ಯಾನರ್ ಎರಡು ಸಲ ತೂಗಿ, ತನ್ನ ಎಣ್ಣೆಯ ಗುರುತಿನ ಮೇಲೆ ಬಂದು ನಿಂತಿತು.