ಮಾತಿನಮಲ್ಲಿಯ ಮೌನ

ಇನ್ನೊಂದು ಸಲ ಗುಂಡಿ ಒತ್ತಿ ಪುಟ್ಟ ಕಿವಿಗೊಟ್ಟು ಕೂತ. ದಿನವೂ ಗುಂಡಿ ಒತ್ತಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಲ್ಯಾಪ್‌ಟಾಪಿನೊಳಗಿನ ಹೆಂಗಸು 'ಸ್ವಾಗತ' ಎಂದು ಶುರುಹಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅವಳ ಬಾಯಿಗೆ ಬೀಗ ಹಾಕುವವರೇ ಇರಲಿಲ್ಲ. ಒತ್ತಿದ ಅಕ್ಷರವನ್ನೆಲ್ಲ ಹೇಳುವಳು, ಈಮೇಲಿನಲ್ಲಿ ಬಂದ ಕಾಗದವನ್ನೆಲ್ಲ ಓದುವಳು, ಅಲ್ಪವಿರಾಮವನ್ನೂ ಬಿಡದೆ. ಅದಕ್ಕೇ ಮನೆಯಲ್ಲಿ ಅವಳಿಗೆ ಮಾತಿನಮಲ್ಲಿ ಎಂದು ಹೆಸರು. ಹುಟ್ಟಿನಿಂದ ಕಣ್ಣು ಕಾಣದ ಪುಟ್ಟನಿಗೆ ಲ್ಯಾಪ್‌ಟಾಪ್ ಎಂದರೆ ಅವಳೇ. ಎಲ್ಲ ದಿನ ಬಿಟ್ಟು ಇವತ್ತು ಅವಳು ತುಟಿಪಿಟಕ್ಕೆನ್ನಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಅವನಿಗೆ ಸಂದರ್ಶನವಿತ್ತು. ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿದ್ದ ಅಂಧ ಮಕ್ಕಳ ಶಾಲೆಗೆ ಕಂಪ್ಯೂಟರ್ ಮೇಷ್ಟ್ರು ಬೇಕಾಗಿತ್ತು. ಇರಲು ಶಾಲೆಯ ಪಕ್ಕದಲ್ಲೇ ಒಂದು ಕೋಣೆ. ಲ್ಯಾಪ್‌ಟಾಪಿಗೇ ಕರೆ ಮಾಡುತ್ತಾರೆ. ಮಾತಿನಮಲ್ಲಿಯನ್ನು ಮುಂದಿಟ್ಟುಕೊಂಡು ಅವನು ಒಂದು ಪಾಠ ಮಾಡಿ ತೋರಿಸಬೇಕು. ಫೋನಿನಲ್ಲಿ ಹೇಗೋ ಸುಧಾರಿಸಿಕೊಳ್ಳುವ ಹಾಗಿರಲಿಲ್ಲ. ಅಕ್ಕ ಕೆಲಸಕ್ಕೆ ಹೋಗಿರುವ ಹೊತ್ತನ್ನೇ ಅವನು ಕೇಳಿ ಪಡೆದಿದ್ದ. ಆದರೆ ಗ್ರಹಚಾರ ನೋಡಿ. ಅಕ್ಕ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು. ಬೆಳಿಗ್ಗೆ ಅಲ್ಲಿಂದ ಫೋನು ಬಂತು: ಡಾಕ್ಟರಿಗೇ ಹಲ್ಲುನೋವು, ಇವತ್ತು ಬಾಗಿಲು ತೆಗೆಯುವುದಿಲ್ಲ. ಫೋನಿಟ್ಟು ಅಕ್ಕ ಬಿದ್ದು ಬಿದ್ದು ನಕ್ಕಳು. ಪುಟ್ಟನಿಗೆ ನಗು ಬರಲಿಲ್ಲ.

ಅವಳಿಗೆ ಹೇಳದಿರುವುದಕ್ಕೆ ಕಾರಣವಿತ್ತು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕನೇ. ಮೂವತ್ತು ದಾಟಿದ ಮೇಲೂ ಅವಳ ಬಾಯಲ್ಲಿ ಅವನು ಪುಟ್ಟನೇ. ಅವನ ಬೆನ್ನ ಹಿಂದೆ ನಿಂತು ಪರದೆಯ ಮೇಲಿದ್ದದ್ದನ್ನು ಪಿಸುಪಿಸು ಓದಿಕೊಳ್ಳುವುದು ಅವಳ ಚಾಳಿ. ಹೋದ ವರ್ಷ ಒಂದು ಗ್ರಂಥಾಲಯದವರು ಅವನನ್ನು ಕೆಲಸಕ್ಕೆ ಕರೆದಾಗ, ಅವನು ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಆ ಕಾಗದ ಓದಿ, 'ನನ್ನ ತಮ್ಮನಿಗೆ ಒಬ್ಬನೇ ಓಡಾಡಲು ಆಗುವುದಿಲ್ಲ, ಕ್ಷಮಿಸಿ' ಎಂದು ಉತ್ತರವನ್ನೂ ಬರೆದುಬಿಟ್ಟಿದ್ದಳು. ಆಮೇಲೆ ಊಟ ಬಡಿಸುತ್ತ, ದೊಡ್ಡ ಉಪಕಾರ ಮಾಡಿದವಳ ಹಾಗೆ ಹೇಳಿದಳು. ಬೈದರೆ ಉಪಕಾರಗೇಡಿ, ಬೈಯದಿದ್ದರೆ ಹಾಲುಗಲ್ಲದ ಮಗು. ಎರಡೂ ಬೇಡವೆಂದು ಕೈ ತೊಳೆದು ಎದ್ದಿದ್ದ.

ಈಗ ವೈರನ್ನು ಗೋಡೆಯಿಂದ ಹಿಡಿದು ಬೆರಳಲ್ಲಿ ಸವರುತ್ತ ಬಂದ. ಸ್ವಿಚ್ಚು ಹಾಕಿದೆ. ಪ್ಲಗ್ಗು ಗಟ್ಟಿಯಾಗಿದೆ. ನಡುವಿನ ಇಟ್ಟಿಗೆಯಂಥ ಅಡಾಪ್ಟರು ಬಿಸಿಯಾಗಿದೆ. ಅಂದರೆ ಅಲ್ಲಿಯವರೆಗೆ ಕರೆಂಟು ಬರುತ್ತಿದೆ. ಬ್ಯಾಟರಿ ಕಳಚಿ, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಕೂರಿಸಿದ. ಗುಂಡಿ ಒತ್ತಿದ. ಕೆಳಗಿನ ಮರಗೆಲಸದ ಅಂಗಡಿಯಲ್ಲಿ ಗರಗಸದ ಯಂತ್ರ ಬೆಳಗಿನಿಂದ ಬೊಬ್ಬೆ ಹೊಡೆಯುತ್ತಿತ್ತು. ನೆಲ, ಮೇಜು, ಮೇಜಿನ ಮೇಲಿನ ಲೋಟ ಎಲ್ಲವೂ ಗುಂಯ್ಗುಡುತ್ತಿದ್ದವು. ಆ ಗದ್ದಲದಲ್ಲಿ ಮಾತಿನಮಲ್ಲಿ ಪಿಸುಗುಟ್ಟಿದರೂ ಪಿಸುಗುಟ್ಟಿರಬಹುದೆಂದು ಕಿವಿಯನ್ನು ಕೀಲಿಗಳಿಗೇ ಒತ್ತಿ ನೋಡಿದ. ಇಲ್ಲ.

"ಏನೋ ಅದು, ಆಗಿಂದ ಅದನ್ನ ಕುಟ್ತಾ ಕೂತಿದೀಯ?" ಅಕ್ಕನ ಚಪ್ಪಲಿ ಅಡುಗೆಮನೆಯಿಂದ ಬಂತು.

"ಆನ್ ಆಗ್ತಿಲ್ಲ."

"ಎಲ್ಲಿ ಸರಿ ಆಚೆಗೆ." ಅವಳು ಬಗ್ಗಿದಳು. ಗುಂಡಿಯನ್ನು ಒತ್ತಿ ಹಿಡಿದಳು, ಬಿಟ್ಟಳು, ಮತ್ತೆ ಒತ್ತಿದಳು. "ಕಪ್ಪಗಿದೆ. ಒಂದು ಮಿಣುಕೂ ಇಲ್ಲ. ಹೋಯ್ತು ಇದು, ವಯಸ್ಸಾಗಿತ್ತು ಪಾಪ."

"ಹೋಗಿಲ್ಲ!" ಎಂದ ಪುಟ್ಟ. ದನಿ ತನಗೇ ಗೊತ್ತಿಲ್ಲದಷ್ಟು ಜೋರಾಗಿತ್ತು.

"ಅಯ್ಯೋ, ನನ್ನ ಮೇಲ್ಯಾಕೆ ರೇಗ್ತೀಯ? ಟೈಪಿಂಗ್ ಕೆಲಸ ತಾನೇ, ನಾಳೆ ಕೊಟ್ಟರೆ ಆಕಾಶ ಕಳಚಿ ಬೀಳುತ್ತಾ?"

"ಇವತ್ತೇ ಆಗಬೇಕು ಅಕ್ಕ. ಹನ್ನೊಂದರೊಳಗೆ."

ಮುಂದಿನ ಪ್ರಶ್ನೆ ಬರುವ ಮೊದಲೇ, ಬೀದಿ ಕೊನೆಯ ರಿಪೇರಿಯವನಿಗೆ ಫೋನು ಮಾಡು ಎಂದ. ಕೈಗಡಿಯಾರದ ಮುಚ್ಚಳ ತೆಗೆದು ಮುಳ್ಳುಗಳನ್ನು ಮುಟ್ಟಿ ನೋಡಿದ. ಹತ್ತೂ ಕಾಲು. ಬೆರಳ ತುದಿ ಬೆವರಿ ಮುಳ್ಳಿಗೆ ಅಂಟುತ್ತಿತ್ತು.

ರಿಪೇರಿಯವನು ಬಂದದ್ದು ಹತ್ತೂವರೆಗೆ. ಮೆಟ್ಟಿಲು ಹತ್ತುತ್ತಲೇ ಮಾತು ಶುರು. ಬಂದವನೇ ಮೇಜಿನ ಮುಂದೆ ಕೂತಿದ್ದವನನ್ನು ಬಿಟ್ಟು ಅಕ್ಕನನ್ನು ಕೇಳಿದ: "ಸಾರ್‌ಗೆ ಪೂರ್ತಿ ಕಾಣಲ್ವಾ ಮೇಡಂ?"

"ಪೂರ್ತಿ ಕೇಳಿಸುತ್ತೆ," ಎಂದ ಪುಟ್ಟ.

ರಿಪೇರಿಯವನು ಕೆಮ್ಮಿ ಕೆಲಸಕ್ಕೆ ಇಳಿದ. ತನ್ನದೇ ಚಾರ್ಜರು ಚುಚ್ಚಿ ನೋಡಿದ. ಬೆನ್ನಿನ ಮುಚ್ಚಳ ಬಿಚ್ಚಿ ಯಾವುದೋ ಬಿಲ್ಲೆಯನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಟಕ್ಕೆಂದು ಕೂರಿಸಿದ. ಮತ್ತೆ ಗುಂಡಿ ಒತ್ತಿದ. ಮೂವರೂ ಕಾದರು. ಗರಗಸವೊಂದೇ ಕೂಗುತ್ತಿತ್ತು.

"ಮುಂದಿನ ಲೈಟೂ ಉರೀತಿಲ್ವಲ್ಲ."

"ಅದು ಎಂದೋ ಟೀ ಚೆಲ್ಲಿದಾಗಲೇ ಹೋಯ್ತು," ಎಂದಳು ಅಕ್ಕ.

"ಹಂಗಾದ್ರೆ ಬೋರ್ಡೇ ಹೋಗಿದೆ ಮೇಡಂ. ಸ್ಕ್ರೀನ್ ಇಲ್ಲ, ಸೌಂಡ್ ಇಲ್ಲ. ಅಂಗಡಿಗೆ ತಗೊಂಡ್ಹೋಗ್ತೀನಿ, ನಾಡಿದ್ದು ಹೇಳ್ತೀನಿ ಉಳಿಯುತ್ತೋ ಇಲ್ವೋ ಅಂತ."

ಚೀಲದ ಜಿಪ್ಪು ಸರ್ರೆಂದಿತು. ನಾಡಿದ್ದು ಎಂದರೆ ಮುಗಿದ ಹಾಗೆ. ಶಾಲೆಯವರು ಅಷ್ಟು ಜನರನ್ನು ಕರೆದಿದ್ದಾರೆ, ಇವನೊಬ್ಬನಿಗಾಗಿ ಯಾರು ಕಾಯುತ್ತಾರೆ? ಈ ಮೇಜು, ಈ ಕುರ್ಚಿ, ಅಕ್ಕನ ಕೈಯ ತುತ್ತು, ಹೀಗೇ ಮುದುಕನಾಗುವುದು. ಅಷ್ಟರಲ್ಲಿ ಕೆಳಗೆ ಗರಗಸ ನಿಂತಿತು. ಬಡಗಿಗಳ ಚಹಾದ ಹೊತ್ತಿರಬೇಕು. ಮನೆಯೊಳಗೆ ಒಮ್ಮೆಲೇ ಮೌನ ತುಂಬಿತು, ಆ ಮೌನದಲ್ಲಿ, ಮೇಜಿನ ಮೇಲಿಂದ, ಸೊಯ್ ಎಂಬ ಸಣ್ಣ ಸದ್ದು.

"ತಡೀರಿ!" ಪುಟ್ಟ ಕೈ ಚಾಚಿ ಲ್ಯಾಪ್‌ಟಾಪನ್ನು ಅದುಮಿ ಹಿಡಿದ. ಎಡಗಡೆಯ ಕಿಂಡಿಯಿಂದ ಬೆಚ್ಚನೆ ಗಾಳಿ ಅಂಗೈಗೆ ತಾಗಿತು. ಸತ್ತದ್ದು ಬೆಚ್ಚಗಿರುವುದಿಲ್ಲ. ಒಳಗೆ ಫ್ಯಾನು ತಿರುಗುತ್ತಿದೆ.

ಆಗ ನಿನ್ನೆ ಸಂಜೆಯದೆಲ್ಲ ಸರಸರನೆ ನೆನಪಾಯಿತು. ಶಾಲೆಯವರ ಕಾಗದ ಓದುವಾಗಲೆಲ್ಲ ಅವನು ಕೀಲಿ ಒತ್ತಿ ಒತ್ತಿ ಪರದೆಯ ಬೆಳಕನ್ನು ತಳಕ್ಕಿಳಿಸುತ್ತಿದ್ದ. ಈ ಹಳೆಯ ಯಂತ್ರದಲ್ಲಿ ತಳವೆಂದರೆ ಕಗ್ಗತ್ತಲೆ. ಪರದೆಗೊಂದು ಪರದೆ ಎಳೆದ ಹಾಗೆ. ಕಿವಿಗೆ ಇಯರ್‌ಫೋನು. ಓದಿ ಮುಗಿದ ಮೇಲೆ ಮತ್ತೆ ಬೆಳಕು ಏರಿಸಿಡುವುದು ರೂಢಿ. ನಿನ್ನೆ ನಡುವೆಯೇ ಅಕ್ಕನ ಚಪ್ಪಲಿ ಕೇಳಿಸಿ, ಇಯರ್‌ಫೋನಿನ ವೈರನ್ನು ಒರಟಾಗಿ ಎಳೆದು, ಮುಚ್ಚಳ ಮುಚ್ಚಿಬಿಟ್ಟಿದ್ದ. ಜೇಬಿನಿಂದ ಇಯರ್‌ಫೋನು ತೆಗೆದು ತುದಿ ಸವರಿದ. ಮೊಂಡು. ಮುರಿದ ಚೂರು ರಂಧ್ರದೊಳಗೇ ಉಳಿದಿದೆ. ಇಯರ್‌ಫೋನು ಚುಚ್ಚಿದ್ದಾರೆಂದುಕೊಂಡು ಮಾತಿನಮಲ್ಲಿ ಆ ಚೂರಿನ ಕಿವಿಯಲ್ಲಿ ಮಾತಾಡುತ್ತಿದ್ದಾಳೆ. ಅವಳ ಬಾಯಿ ಕಟ್ಟಿದವನೂ, ಕಣ್ಣು ಕಟ್ಟಿದವನೂ ಅವನೇ.

ಹೇಳಿದರೆ ಅಕ್ಕನಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಚೀಲ ಮೆಟ್ಟಿಲಿಳಿಯುತ್ತದೆ.

"ಇದು ಆನ್ ಆಗೇ ಇದೆ," ಎಂದ.

"ಸ್ಕ್ರೀನ್ ಕಪ್ಪಗಿದ್ಯಲ್ಲ ಸಾರ್."

"ನಾನೇ ಕಪ್ಪು ಮಾಡಿರೋದು."

"ಯಾಕೆ?" ಕೇಳಿದ್ದು ಅಕ್ಕ.

"ನೀನು ಓದಬಾರದು ಅಂತ."

ಪುಟ್ಟ ಬೆಳಕು ಏರಿಸುವ ಕೀಲಿಯನ್ನು ಹುಡುಕಿ ಒತ್ತುತ್ತ ಹೋದ. "ಅರೆ, ಬಂತು, ಬಂತು!" ಎಂದು ರಿಪೇರಿಯವನು ಕುಣಿದ. ಪುಟ್ಟನ ಬೆನ್ನ ಹಿಂದೆ ಅಕ್ಕನ ಆ ಹಳೆಯ ಪಿಸುಪಿಸು ಶುರುವಾಯಿತು. ಎಷ್ಟು ಸಲ ಆರಿ ಹೊತ್ತಿದರೂ ಕೊನೆಗೆ ಓದಿದ ಕಾಗದವನ್ನೇ ಮತ್ತೆ ತೆರೆದಿಡುವುದು ಆ ಯಂತ್ರದ ರೂಢಿ. ಪಿಸುಪಿಸು ಸ್ವಲ್ಪ ದೂರ ನಡೆದು, ತಡವರಿಸಿ, ಒಂದು ಕಡೆ ನಿಂತು, ದನಿಯಾಯಿತು.

"'ಹೋದ ತಿಂಗಳು ತಾವು ಒಬ್ಬರೇ ಬಂದು ಶಾಲೆ ನೋಡಿಕೊಂಡು ಹೋದದ್ದು ಸಂತೋಷ.'" ಅಕ್ಕ ಒಂದು ಪದಕ್ಕೆ ಮರಳಿದಳು. "ಒಬ್ಬರೇ?"

"ನೀನು ಬರೋಷ್ಟರಲ್ಲಿ ವಾಪಸ್ ಬಂದಿದ್ದೆ."

"ಕಾಲು ನೋವು ಅಂದ್ಯಲ್ಲ, ಅವತ್ತಾ? ನಾನು ಮುಲಾಮು ಹಚ್ಚಿದೆನಲ್ಲೋ. ನನ್ನ ಕಣ್ಣಿಗೆ ಮಣ್ಣೆರಚಿ, ಕಾಲು ಬೇರೆ ಒತ್ತಿಸ್ಕೊಂಡೆ."

ಪುಟ್ಟ ಮೊಂಡು ಇಯರ್‌ಫೋನನ್ನು ರಿಪೇರಿಯವನ ಕೈಗಿಟ್ಟು, ಮುರಿದ ಚೂರು ಒಳಗಿದೆ ಎಂದ. ರಿಪೇರಿಯವನು ಅಕ್ಕತಮ್ಮಂದಿರ ನಡುವೆ ಸಿಕ್ಕಿ, ಸೂಜಿ ಕೊಡಿ ಎಂದು ಮೆಲ್ಲಗೆ ಕೇಳಿದ. ಅಕ್ಕ ತಂದುಕೊಟ್ಟಳು. ಸೂಜಿ ಚೂರನ್ನು ಇನ್ನಷ್ಟು ಒಳಕ್ಕೆ ತಳ್ಳಿತು. ಗಡಿಯಾರದ ದೊಡ್ಡ ಮುಳ್ಳು ಹತ್ತನ್ನು ದಾಟುತ್ತಿತ್ತು. ಪೆನ್ನಿನ ಕಡ್ಡಿಯ ತುದಿಗೆ ಗೋಂದು ಹಚ್ಚಿ, ರಂಧ್ರಕ್ಕೆ ಇಳಿಸಿ, ಒಣಗಲು ಬಿಡಬೇಕು ಎಂದ ರಿಪೇರಿಯವನು. ಉಸಿರು ಬಿಗಿಹಿಡಿದು ಕಡ್ಡಿಯನ್ನು ಅಲುಗದಂತೆ ಹಿಡಿದ. ಮಾತಿನಮಲ್ಲಿಯಿಂದ ಕಾಗದ ಓದಿಸುವ ಕೀಲಿಯ ಮೇಲೆ ಬೆರಳಿಟ್ಟು ಪುಟ್ಟ ಒತ್ತುತ್ತಲೇ ಇದ್ದ.

"ಆ ದೊಡ್ಡ ರಸ್ತೆ," ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಬಸ್ ಸ್ಟ್ಯಾಂಡ್ ಎದುರಿಂದು. ಅದನ್ನ ಹೇಗೋ ದಾಟಿದೆ?"

"ಕೇಳಿ ದಾಟಿದೆ."

"ಯಾರನ್ನ?"

"ಜನ ಇದ್ದಾಗ ಜನರನ್ನ. ಇಲ್ಲದಾಗ ಗಾಡಿಗಳನ್ನ."

ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ದಾರೀಲಿ ಹೋಗೋರನ್ನೆಲ್ಲ ಕೇಳಿದೆ. ನನ್ನೊಬ್ಬಳನ್ನ ಕೇಳಲಿಲ್ಲ."

"ಲೈಬ್ರರಿಗೆ ಬರೆಯೋ ಮುಂಚೆ ನೀನೂ ಕೇಳಲಿಲ್ಲ, ಅಕ್ಕ."

ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಂದಿತ್ತು. ಹೊರಬಂದ ಮೇಲೆ ಅವನಿಗೆ ಭಯವಾಯಿತು. ಅಕ್ಕ ಅಳುತ್ತಾಳೋ, ಎದ್ದು ಹೋಗುತ್ತಾಳೋ ತಿಳಿಯಲಿಲ್ಲ. ರಿಪೇರಿಯವನು ಕಡ್ಡಿಯನ್ನು ಮೆಲ್ಲಗೆ ಎಳೆದ.

"ದೂರವಾಣಿ ಸಂಖ್ಯೆ ಒಂಬತ್ತು ನಾಲ್ಕು ನಾಲ್ಕು ಎಂಟು ಸೊನ್ನೆ!" ಎಂದು ಮಾತಿನಮಲ್ಲಿ ಕಾಗದದ ಕೊನೆಯ ಸಾಲನ್ನು ಮನೆ ಹಾರಿಹೋಗುವ ಹಾಗೆ ಅರಚಿದಳು. ಮೂವರೂ ಬೆಚ್ಚಿಬಿದ್ದರು. ರಿಪೇರಿಯವನ ಕೈಯಿಂದ ಕಡ್ಡಿ ಜಾರಿ ನೆಲಕ್ಕೆ ಬಿತ್ತು. "ನಾನು ಹೇಳ್ಲಿಲ್ವಾ ಮೇಡಂ, ಸಣ್ಣ ಪ್ರಾಬ್ಲಮ್ ಅಂತ!" ಎಂದು, ಬೋರ್ಡು ಹೋಗಿದೆ ಎಂದಿದ್ದ ಅದೇ ಬಾಯಲ್ಲಿ ಹೇಳಿ, ಚೀಲ ಹೆಗಲಿಗೇರಿಸಿ ಹೊರಟ.

ಇನ್ನು ಐದು ನಿಮಿಷವಿತ್ತು. ಪುಟ್ಟನಿಗೆ ಪಾಠದ ಮೊದಲ ಸಾಲೇ ಮರೆತುಹೋಗಿತ್ತು. ಅಕ್ಕ ಹತ್ತಿರ ಬಂದಳು. ಅವತ್ತು ಮುಲಾಮು ಹಚ್ಚಿದ ಅದೇ ಕೈ ಅವನ ಕಾಲರಿನ ಮಡಿಕೆ ಬಿಡಿಸಿತು. ಲ್ಯಾಪ್‌ಟಾಪಿನ ಮುಚ್ಚಳವನ್ನು ತುಸು ಹಿಂದಕ್ಕೆ ವಾಲಿಸಿತು.

"ಕ್ಯಾಮೆರಾಗೆ ಹಣೆ ಒಂದೇ ಕಾಣ್ತಿತ್ತು. ಈಗ ಸರಿಯಾಗಿ ಕೂತಿದೀಯ, ಅಲುಗಾಡಬೇಡ." ದನಿ ಗಡುಸಾಗಿತ್ತು. "ಕಪ್ಪು ಮಾಡೋದು ಯಾವ ಕೀಲಿ?"

"ಬೇಡ ಬಿಡು ಅಕ್ಕ, ಈಗ..."

"ಯಾವುದು ಅಂತ ಕೇಳಿದೆ."

ಅವನು ಅವಳ ಬೆರಳನ್ನು ಹಿಡಿದು ಕೀಲಿಯ ಮೇಲಿಟ್ಟ. ಟಕ್, ಟಕ್, ಟಕ್ ಎಂದು ಅವಳು ಒತ್ತುತ್ತ ಹೋದಳು. ಕೊನೆಯವರೆಗೂ ಒತ್ತಿ, "ಹ್ಞಾಂ, ಆಯ್ತು. ಏನೂ ಕಾಣಲ್ಲ ನಂಗೆ," ಎಂದಳು. ಚಪ್ಪಲಿ ಬಾಗಿಲ ಕಡೆ ಹೋಯಿತು. ಬಾಗಿಲು ಮುಚ್ಚಿತು.

ಕರೆ ಬಂತು. ಅವನು ಎತ್ತಿಕೊಂಡದ್ದಕ್ಕೂ ಕೆಳಗೆ ಚಹಾ ಮುಗಿದದ್ದಕ್ಕೂ ಸರಿಹೋಯಿತು. ಗರಗಸ ಬೊಬ್ಬೆಯಿಟ್ಟಿತು, ಮೇಜು ನಡುಗಿತು, ಆ ಕಡೆಯ ದನಿ ಮುಳುಗಿಹೋಯಿತು. "ಹಲೋ, ಹಲೋ," ಎಂದು ಪುಟ್ಟ ಕೂಗಿದ. ತನ್ನ ದನಿಯೇ ತನಗೆ ಕೇಳಿಸಲಿಲ್ಲ. ಆಗ ಮುಚ್ಚಿದ ಬಾಗಿಲಾಚೆ, ಮೆಟ್ಟಿಲ ಮೇಲೆ, ಚಪ್ಪಲಿ ದಡದಡ ಇಳಿದದ್ದು ಅವನ ಪಾದಕ್ಕೆ ಗೊತ್ತಾಯಿತು. ಗರಗಸದ ಬೊಬ್ಬೆಗಿಂತ ಜೋರಾಗಿ ಕೆಳಗೆ ಅಕ್ಕ ಯಾರಿಗೋ ಏನೋ ಅಂದಳು. ಮರ ಕೊಯ್ಯುತ್ತಿದ್ದ ಗರಗಸ ಅರ್ಧದಲ್ಲೇ ನಿಂತಿತು.

"ನಮ್ಮ ಮಾತು ಕೇಳಿಸ್ತಿದೆಯಾ?" ಎಂದಿತು ಆ ಕಡೆಯ ದನಿ.

ಪುಟ್ಟ ಒಂದು ಗಳಿಗೆ ಮೆಟ್ಟಿಲ ಕಡೆ ಕಿವಿಯಿಟ್ಟ. ಚಪ್ಪಲಿ ಮೇಲೆ ಬರಲಿಲ್ಲ. ಗರಗಸವೂ ಶುರುವಾಗಲಿಲ್ಲ.

"ಕೇಳಿಸ್ತಿದೆ," ಎಂದ.