ಇರುವೆ ಬಿಟ್ಟ ಹಾಲು

ಕೂಸಿನ ಬಟ್ಟೆಗಳನ್ನು ಕಲ್ಲಿನ ಮೇಲೆ ಕುಕ್ಕುತ್ತಿದ್ದ ಶಿವಬಸಮ್ಮ, ಮುಂದಿನದನ್ನು ಬಿಡಿಸಿದವಳೇ ಕೈ ನಿಲ್ಲಿಸಿದಳು. ಅದಕ್ಕೆ ಹತ್ತಿದ್ದ ಮಲದಲ್ಲಿ ಹಳದಿಯ ಸುಳಿವಿರಲಿಲ್ಲ. ಅಕ್ಕಿ ತೊಳೆದ ನೀರು ಚೆಲ್ಲಿದಂತಿತ್ತು. ಚೊಚ್ಚಲ ಮಗ ಹೋದಾಗಲೂ ಹೀಗೇ ಆಗಿತ್ತು.

ಆಗ ಕೊಟ್ಟೂರಿನ ಗಂಡನ ಮನೆಯಲ್ಲಿ ಇವಳ ಮಗನಿಗೂ ನೆಗೆಣ್ಣಿಯ ಕೂಸಿಗೂ ಒಟ್ಟಿಗೇ ಭೇದಿ ಹತ್ತಿತ್ತು. ನೆಗೆಣ್ಣಿಯ ಕೂಸು ಬೇಗ ಎದ್ದು ಆಡಿತು, ಇವಳದು ಉಳಿಯಲಿಲ್ಲ. ಅತ್ತೆ ದಾಕ್ಷಾಯಣಮ್ಮ ಸೊಸೆಯಂದಿರಿಬ್ಬರ ಎದೆಹಾಲನ್ನೂ ಹಿಂಡಿಸಿ, ವಿಷವಿದೆಯೇ ಎಂದು ಇರುವೆ ಬಿಟ್ಟು ನೋಡಿದರು. ಇವಳ ಹಾಲಿನಲ್ಲಿ ಇರುವೆ ಸತ್ತಿತು, ನೆಗೆಣ್ಣಿಯದರಲ್ಲಿ ಎದ್ದು ನಡೆಯಿತು. ಇವಳದಿದ್ದದ್ದು ಆಳದ ಬಟ್ಟಲಿನಲ್ಲಿ, ಅವಳದು ಎಲೆಯ ಮೇಲೆ ಒಂದೆರಡು ಹನಿ. ಅದನ್ನು ಹೇಳಿದರೆ ಕೇಳುವವರಾರು? ಶಿವಬಸಮ್ಮನ ಹಾಲಿನಲ್ಲಿ ವಿಷವಿದೆ ಎಂಬ ಮಾತು ಮನೆಯಲ್ಲಿ ಕೂತೇಬಿಟ್ಟಿತು.

ಈಗ ಹೊಸಹಳ್ಳಿಯ ತವರಿನಲ್ಲಿ ಹೆಣ್ಣು ಹೆತ್ತಿದ್ದಳು. ಎದೆಹಾಲು ಬಿಡಿಸಿ, ಆಡಿನ ಹಾಲು ರೂಢಿ ಮಾಡಿಸಿಯೇ ಕೂಸನ್ನು ಕರೆದುಕೊಂಡು ಬಾ, ಇಲ್ಲವಾದರೆ ಅವ್ವ ಒಳಗೆ ಸೇರಿಸುವುದಿಲ್ಲ ಎಂದು ಗಂಡ ಬೆನಕಪ್ಪ ಕಾಗದ ಬರೆದಿದ್ದ. ಬಾಣಂತನ ಮುಗಿದರೂ ಅವಳು ಉತ್ತರ ಬರೆದಿರಲಿಲ್ಲ. ಹಾಲನ್ನೂ ಬಿಡಿಸಿರಲಿಲ್ಲ.

ಒದ್ದೆ ಕೈಯಲ್ಲೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ತಾಯಿ ಕೊಟ್ರಬಸಮ್ಮನೊಡನೆ ಕೂಡ್ಲಿಗಿಯ ಬಸ್ಸು ಹತ್ತಿದಳು. ಆಸ್ಪತ್ರೆಯ ನರ್ಸು ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚದಲ್ಲಿ ಕುಡಿಸುವುದನ್ನು ತೋರಿಸಿ, ಎದೆಹಾಲನ್ನು ಮಾತ್ರ ನಿಲ್ಲಿಸಬೇಡ ಎಂದಳು. ಪಕ್ಕದ ಮಂಚದಲ್ಲಿ ಪಕ್ಕೀರಮ್ಮ ಎಂಬವಳ ಮಗನಿಗೂ ಭೇದಿ, ಆದರೆ ಅವನು ನಗುತ್ತಲೇ ಇದ್ದ.

"ನಿನ್ನ ಮಗಳು ಬಾಳ ನಾಜೂಕು ಬಿಡವ್ವ. ನಮ್ಮವನಿಗೆ ಕಲ್ಲು ತಿಂದ್ರೂ ಅರಗ್ತೈತಿ," ಎಂದು ಪಕ್ಕೀರಮ್ಮ ಹಂಗಿಸಿದಳು.

ಮಕ್ಕಳ ಭೇದಿಯ ಸಂಶೋಧನೆಗೆಂದು ಹೊರಗಿನಿಂದ ಬಂದಿದ್ದ ಡಾಕ್ಟರಮ್ಮ ಎರಡೂ ಕೂಸುಗಳ ಮಲವನ್ನು ಸೀಸೆಗೆ ತುಂಬಿಸಿ ಪರೀಕ್ಷೆಗೆ ಕಳಿಸಿದರು.

ಮಗಳು ತಾಯಿಯ ಹಾಲನ್ನೇ ಕುಡಿದು ಚೇತರಿಸಿಕೊಂಡಳು. ತಿಂಗಳು ಕಳೆದ ಮೇಲೆ ಶಿವಬಸಮ್ಮ ತಾಯಿಯನ್ನು ಕರೆದುಕೊಂಡು ಮತ್ತೆ ಕೂಡ್ಲಿಗಿಗೆ ಹೋಗಿ ಫಲಿತಾಂಶ ಕೇಳಿದಳು. ಇಬ್ಬರಿಗೂ ಹತ್ತಿದ್ದು ಒಂದೇ ಜಾತಿಯ ರೋಗಾಣು ಎಂದರು ಡಾಕ್ಟರಮ್ಮ.

"ಹಂಗಾರ ನನ್ನ ಕೂಸಿಗೇ ಯಾಕ ಇಷ್ಟು ಜೋರಾತ್ರಿ? ನನ್ನ ಹಾಲಾಗ ದೋಷ ಐತೇನ್ರಿ?"

ನೋಡುವುದಕ್ಕೆ ಒಂದೇ ಆದರೂ ಕೆಲವು ರೋಗಾಣುಗಳಿಗೆ ವಿಷ ತಯಾರಿಸುವ ಜೀನು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಇವಳ ಮಗಳ ಸೀಸೆಯಲ್ಲಿ ಆ ವಿಷ ಸಿಕ್ಕಿತ್ತು, ಪಕ್ಕೀರಮ್ಮನ ಮಗನದರಲ್ಲಿ ಇರಲಿಲ್ಲ. ಶಿವಬಸಮ್ಮ ತನ್ನ ತೀರಿಹೋದ ಮಗನ ವಿಷಯ ಕೇಳಿದಾಗ, ಅವನಿಗೆ ಹತ್ತಿದ್ದು ಯಾವುದೆಂದು ಈಗ ಯಾರೂ ಹೇಳಲಾರರು ಎಂಬುದನ್ನೂ ಮುಚ್ಚಿಡಲಿಲ್ಲ.

"ವಿಷ ಇದ್ದದ್ದು ಆ ರೋಗಾಣುವಿನಲ್ಲಿ ಕಣಮ್ಮ. ನಿನ್ನ ಹಾಲಿನಲ್ಲಲ್ಲ."

ಶಿವಬಸಮ್ಮ ಅಲ್ಲಿಂದ ನೇರ ಅಂಚೆ ಕಚೇರಿಗೆ ನಡೆದಳು. ಇನ್‌ಲ್ಯಾಂಡ್ ಕಾಗದ ಕೊಂಡು ನಿಂತುಕೊಂಡೇ ಬರೆದಳು. ಸ್ವಲ್ಪ ಮೆತ್ತಗೆ ಬರೆ ಎಂದು ಕೊಟ್ರಬಸಮ್ಮ ಕೂಸನ್ನು ತೊಡೆಯ ಮೇಲೆ ತಟ್ಟುತ್ತಾ ಎರಡು ಸಲ ಹೇಳಿದಳು. ಮಗಳು ಬರೆದದ್ದು ಇಷ್ಟೇ: "ಕೂಸು ನನ್ನ ಹಾಲು ಕುಡಿದೇ ಬದುಕ್ಯಾಳ. ಹಾಲು ಬಿಡಿಸೂದಿಲ್ಲ. ಬರೋ ಸೋಮವಾರ ಕೊಟ್ಟೂರಿಗೆ ಬರ್ತೀವಿ, ಬಸ್‌ಸ್ಟ್ಯಾಂಡಿಗೆ ಬರ್ರಿ. ಇದನ್ನ ಅತ್ತಿಯವರಿಗೂ ಓದಿ ಹೇಳ್ರಿ."

ಅಂಚನ್ನು ನಾಲಗೆಗೆ ತಾಗಿಸಿ ಅಂಟಿಸಿ, ಕಾಗದವನ್ನು ಕೆಂಪು ಡಬ್ಬಿಯೊಳಗೆ ಬಿಟ್ಟಳು.