ಬಸ್‌ಸ್ಟ್ಯಾಂಡಿಗೆ ಹೋದ ಸಭೆ

ಪರವೂರಿನವರು ಬಂದರೆ ನಮ್ಮ ಕಡೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ. ಆದರೆ ಡಾನಿಯೇಲ ಜೇವರ್ಗಿಗೆ ಬಂದ ದಿನ ಯಾರೂ ನೀರು ಕೊಡಲಿಲ್ಲ.

ಅದು ಎಂಬತ್ತೆಂಟನೆಯ ಇಸವಿ. ಡಾನಿಯೇಲ ಆಫ್ರಿಕಾದ ಕೆನ್ಯಾ ದೇಶದವನು. ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಜೇವರ್ಗಿಯ ಚರ್ಚಿನ ಪಾಸ್ಟರು ಕರೆದಿದ್ದರೆಂದು ಭಾನುವಾರದ ಆರಾಧನೆಗೆ ಬಂದಿದ್ದ. ಬಸ್ಸು ಇಳಿದ ಕೂಡಲೇ ಯಾರೋ "ಮಕ್ಕಳ ಕಳ್ಳ ಬಂದಾನ್ರೋ!" ಎಂದು ಕೂಗಿದರು. ಜನ ಕೂಡಿದರು. ಒಂದು ಕಲ್ಲು ಅವನ ಹುಬ್ಬಿಗೆ ಬಡಿಯಿತು. ಕರವಸ್ತ್ರ ಒತ್ತಿಕೊಂಡೇ ಬಂದು ಚರ್ಚಿನಲ್ಲಿ ಕುಳಿತ. ಅವನು ಕುಳಿತ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಅದೇ ಸಾಲಿನಲ್ಲಿದ್ದ ಎಸ್ತೇರಮ್ಮನೂ ಮಗಳ ಕೈ ಹಿಡಿದು ಎಳೆದುಕೊಂಡು ಎದ್ದಳು.

ಅವತ್ತಿನಿಂದ ಎಸ್ತೇರಮ್ಮನಿಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಹುಡುಗ ಮುಂದಿನ ವಾರವೂ ಬರುವವನಿದ್ದ. ಚರ್ಚಿನ ಮೇಲೇ ಕಲ್ಲು ಬಿದ್ದರೆ?

ಪಕ್ಕದ ಮನೆಯ ಶರೀಫಾಬಿ ನಳದ ಹತ್ತಿರ ಕೇಳಿದಳು: "ಆ ಕಳ್ಳ ನಿಮ್ಮ ಗುಡಿಗೇ ಬಂದಿದ್ದನಂತಲ್ಲವಾ? ಮಗಳನ್ನ ಹೊರಗ ಬಿಡಬ್ಯಾಡ."

ಎಸ್ತೇರಮ್ಮನ ಗಂಡ ದೇವಪುತ್ರಪ್ಪ ಚರ್ಚಿನ ಸಭೆಯ ಹಿರಿಯ. "ಬರಬ್ಯಾಡಪಾ ಅಂತ ಆ ಹುಡುಗಗ ಒಂದು ಕಾರ್ಡ್ ಬರಿತೇನಿ," ಎಂದ. ಪಾಸ್ಟರಿಗೊಂದು ಮಾತು ಹೇಳಲು ಇಬ್ಬರೂ ಹೋದರು. ಪಾಸ್ಟರು ಕಲ್ಲು ತೂರಿದ್ದಕ್ಕೆ ದೂರು ಕೊಡಲು ಪೊಲೀಸ್ ಠಾಣೆಗೆ ಹೋಗಿದ್ದರು. ಮನೆಯಲ್ಲಿ ಅವರ ಹೆಂಡತಿ, ಶಾಲೆಯ ಟೀಚರ್ ಸುಗಂಧಮ್ಮ ಇದ್ದರು.

"ಅವ ಯಾರ ಕೂಸು ಕದ್ದಾನ, ಅಣ್ಣಾರ?" ಸುಗಂಧಮ್ಮ ಕೇಳಿದರು.

"ಯಾರದೂ ಇಲ್ರಿ, ಟೀಚರ್."

"ಮತ್ತ ಕಲ್ಲು ಯಾಕ ಒಗದ್ರು?"

ಸುಗಂಧಮ್ಮ ತಾವೇ ಉತ್ತರ ಹೇಳಿದರು:

"ಮೈಬಣ್ಣ ನೋಡಿ ಒಗದ್ರು. ಇದಕ್ಕ ವರ್ಣಭೇದ ಅಂತಾರ. ಗುಣ ಕೇಳಂಗಿಲ್ಲ, ಬಣ್ಣ ನೋಡಿ, ಹುಟ್ಟು ನೋಡಿ ದೂರ ಇಡ್ತಾರ. ನಿಮ್ಮ ಅಪ್ಪಗ ಹೋಟೆಲಿನಾಗ ಚಹಾ ಎಲ್ಲಿ ಕೊಡ್ತಿದ್ರು?"

"ಹೊರಗ್ರಿ. ಬ್ಯಾರೆ ಕಪ್ಪು ಇಟ್ಟಿರ್ತಿದ್ರು. ಕುಡದು ತಾನೇ ತೊಳದಿಡ್ತಿದ್ದ." ಅವನ ದನಿ ಇಳಿಯಿತು.

"ಊರು ಹೊರಗಿಟ್ಟಾಗ ಈ ಸಭೆ ನಿಮ್ಮ ಅಪ್ಪಗ ಬಾಗಲಾ ತಗೀತು. ಈಗ ನಾವು ಬಾಗಲಾ ಹಾಕೋದೇನ್ರಿ?"

ಎಸ್ತೇರಮ್ಮ ತಡೆಯಲಾರದೆ ಕೇಳಿದಳು: "ಮಂದಿ ನಮ್ಮನ್ನೂ ಹೊಡದ್ರ?"

"ನನಗೂ ಅಂಜಿಕಿ ಅದ ಎಸ್ತೇರಮ್ಮ. ಆದ್ರ ಅವ ಒಬ್ಬನೇ ಬಂದ್ರ ಹೊಡಿತಾರ. ನಾವೆಲ್ಲಾ ಜೋಡಿ ನಿಂತ್ರ ಕೈ ಎತ್ತೋದು ಅಷ್ಟು ಸುಲಭಿಲ್ಲ."

ಕಾರ್ಡ್ ಬರೆಯಲಿಲ್ಲ. ದೇವಪುತ್ರಪ್ಪ ಕೇಳಿದಾಗ, ಡಾನಿಯೇಲನನ್ನು ಕರೆತರಲು ಸಭೆಯವರೆಲ್ಲ ಬಸ್‌ಸ್ಟ್ಯಾಂಡಿಗೆ ಬರುತ್ತೇವೆಂದರು. ಭಾನುವಾರ ಬಂದವರು ಹನ್ನೊಂದೇ ಜನ.

ಡಾನಿಯೇಲ ಇಳಿದ. ಹುಬ್ಬಿನ ಗಾಯ ಇನ್ನೂ ಮಾಗಿರಲಿಲ್ಲ. ಹನ್ನೊಂದು ಜನ ಅವನ ಸುತ್ತ ನಡೆದರು. ಪಾನ್ ಅಂಗಡಿಯ ಮುಂದೆ ಐದಾರು ಮಂದಿ ಅಡ್ಡ ನಿಂತರು. "ಈ ಕಳ್ಳನ್ನ ಎಲ್ಲಿಗಿ ಕರಕೊಂಡು ಹೊಂಟೀರಿ?"

ಎಸ್ತೇರಮ್ಮನ ಬಾಯಿ ತಾನಾಗಿ ಮಾತಾಡಿತು: "ಕಳ್ಳ ಅಲ್ರಿ ಇವ, ಡಾನಿಯೇಲ. ಗುಲಬರ್ಗಾದಾಗ ಕಲಿಯಾಕತ್ತಾನ. ಇವತ್ತ ನಮ್ಮ ಮನಿಗಿ ಊಟಕ್ಕ ಬರಾಕತ್ತಾನ."

ಊಟದ ಮಾತು ಗಂಡನಿಗೂ ಗೊತ್ತಿರಲಿಲ್ಲ! ಅವನು ಅವಳ ಮುಖ ನೋಡಿದ. ಮರುಗಳಿಗೆ, "ಹೌದ್ರಿ, ನಮ್ಮ ಮನಿಗೇ," ಎಂದು ಮುಂದೆ ಬಂದು ನಿಂತ.

ಅಡ್ಡ ನಿಂತವರು ಗೊಣಗುತ್ತ ಸರಿದರು. ಇಬ್ಬರು ಮಾತ್ರ ಚರ್ಚಿನ ಗೇಟಿನವರೆಗೂ ಬೈಯುತ್ತ ಬಂದರು. ಕಲ್ಲು ಬೀಳಲಿಲ್ಲ. ಆರಾಧನೆಯಲ್ಲಿ ದೇವಪುತ್ರಪ್ಪ ಎದ್ದು, ಹೋದ ವಾರದ ತಪ್ಪಿಗೆ ಸಭೆಯ ಪರವಾಗಿ ಡಾನಿಯೇಲನ ಕ್ಷಮೆ ಕೇಳಿದ.

ಮಧ್ಯಾಹ್ನ ಎಸ್ತೇರಮ್ಮನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ. ಶರೀಫಾಬಿ ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದಳು: "ಇವಗ ಅವ್ವ ಅದಾಳೇನವಾ? ಇಷ್ಟು ದೂರ ಹ್ಯಾಂಗ ಕಳಿಸಿದಳು ಪಾಪ!"

ಸಭೆಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಲ್ಲೂ ಬಣ್ಣ ನೋಡಿ, ಜಾತಿ ನೋಡಿ ಯಾರನ್ನಾದರೂ ದೂರ ಇಟ್ಟಿರಬಹುದು. ಗಾಳಿಮಾತು ಬಂದರೆ "ಕಣ್ಣಾರೆ ಕಂಡವರು ಯಾರು?" ಎಂದು ಕೇಳಿ. ಏಟು ತಿಂದವರ ಜೊತೆ ಠಾಣೆಗೆ ಹೋಗಿ. ನಿಮ್ಮ ಚರ್ಚಿನಲ್ಲೇ ಹಿಂದೆ ಉಳಿದವರು ಯಾರು, ಬೈಬಲ್ ವಾಕ್ಯ ಓದಲು ನೀವು ಎಂದೂ ಕರೆಯದವರು ಯಾರು, ನೋಡಿ. ಅಂಜಿಕೆ ಹೋಗಲಿ ಎಂದು ಕಾಯಬೇಡಿ. ಆ ಹನ್ನೊಂದು ಜನರೂ ಅಂಜುತ್ತಲೇ ಹೋಗಿದ್ದರು.